ತಂದೆಯ ಹೆಸರು ಮನೆತನದ ಹೆಸರಾದಾಗ: ಶಿಕಾರಿಪುರ, ಸೊರಬ ಮತ್ತು ಮತದಾರ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಒಂದಕ್ಕೊಂದು ಅಂಟಿಕೊಂಡಿರುವ ತಾಲ್ಲೂಕುಗಳು. ಎರಡೂ ರಾಜ್ಯಕ್ಕೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿವೆ, ಮತ್ತು ಎರಡೂ ಕಡೆ ಆ ಮುಖ್ಯಮಂತ್ರಿಗಳ ಮಕ್ಕಳೇ ಇಂದು ಅಧಿಕಾರದ ಸ್ಥಾನಗಳಲ್ಲಿದ್ದಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಶಿಕಾರಿಪುರದಿಂದ ಬಿ.ವೈ. ವಿಜಯೇಂದ್ರ, ಸೊರಬದಿಂದ ಮಧು ಬಂಗಾರಪ್ಪ ಗೆದ್ದರು. ಮರುವರ್ಷ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಬಿ.ವೈ. ರಾಘವೇಂದ್ರ ಮತ್ತೆ ಆಯ್ಕೆಯಾದರು. ಈ ಮೂವರ ಹೆಸರಿನಲ್ಲೂ ತಂದೆಯ ಹೆಸರು ಸೇರಿಕೊಂಡಿದೆ, ಒಬ್ಬರಲ್ಲಿ ಪೂರ್ಣವಾಗಿ, ಉಳಿದಿಬ್ಬರಲ್ಲಿ ಒಂದೇ ಅಕ್ಷರವಾಗಿ. ಹೊರಗಿನಿಂದ ನೋಡುವವರು ಇದನ್ನು ಅಡ್ಡಹೆಸರು, ಅಂದರೆ ತಲೆಮಾರುಗಳಿಂದ ಬಂದ ಮನೆತನದ ಹೆಸರು ಎಂದು ಭಾವಿಸುವುದುಂಟು. ವಾಸ್ತವದಲ್ಲಿ ಇವು ಅಂಥ ಹೆಸರುಗಳಲ್ಲ. ಒಬ್ಬ ವ್ಯಕ್ತಿಗೆಂದು ಇಟ್ಟ ಹೆಸರು ಆ ವ್ಯಕ್ತಿಯ ಸಾರ್ವಜನಿಕ ಬದುಕಿನ ಬಲದಿಂದ ಒಂದೇ ತಲೆಮಾರಿನಲ್ಲಿ ಮನೆತನದ ಹೆಸರಾಗಿ ಮಾರ್ಪಟ್ಟಿದೆ. ಈ ಮಾರ್ಪಾಟು ಹೇಗಾಯಿತು, ಇಂಥ ಹೆಸರು ಮತದಾರನಿಗೆ ಏನನ್ನು ತಿಳಿಸುತ್ತದೆ ಮತ್ತು ಏನನ್ನು ಮರೆಮಾಡುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಕುಟುಂಬ ರಾಜಕಾರಣದ ಬಗೆಗಿನ ನಮ್ಮ ಚರ್ಚೆಗಳು ಬಹುಮಟ್ಟಿಗೆ ಹೆಸರನ್ನು ನೋಡಿಯೇ ತೀರ್ಮಾನಕ್ಕೆ ಬಂದುಬಿಡುತ್ತವೆ.

ಕರ್ನಾಟಕದಲ್ಲಿ ಹೆಸರಿಡುವ ಪದ್ಧತಿ ಒಂದೇ ಬಗೆಯದಲ್ಲ. ಉತ್ತರದ ಜಿಲ್ಲೆಗಳಲ್ಲಿ ವ್ಯಕ್ತಿಯ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ಬೇರೂರಿದೆ. ಪಾಟೀಲ, ದೇಸಾಯಿ, ಕುಲಕರ್ಣಿ, ದೇಶಪಾಂಡೆ ಮುಂತಾದವು ಅಲ್ಲಿನ ಅಡ್ಡಹೆಸರುಗಳು. ಹಳೆಯ ಮೈಸೂರು ಸೀಮೆಯಲ್ಲಿ ಅಡ್ಡಹೆಸರಿನ ಬಳಕೆ ಕಡಿಮೆ. ಅಲ್ಲಿ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು ಎಂಬ ಕ್ರಮವಿದ್ದು, ಈ ಮೊದಲಕ್ಷರಗಳನ್ನೇ ಜನ ಇನಿಷಿಯಲ್ ಎನ್ನುತ್ತಾರೆ. ಈ ಕ್ರಮದಲ್ಲಿ ತಂದೆಯ ಹೆಸರಿನ ಅಕ್ಷರ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಹೋಗುವುದರಿಂದ ಅಜ್ಜನಿಗೂ ಮೊಮ್ಮಗನಿಗೂ ಹೆಸರಿನಲ್ಲಿ ಸಮಾನವಾದದ್ದೇನೂ ಉಳಿಯದಿರಬಹುದು. ಶಿಕಾರಿಪುರ ಮತ್ತು ಸೊರಬ ಆಡಳಿತದ ದೃಷ್ಟಿಯಿಂದ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆದರೆ ಧಾರವಾಡ ಸೀಮೆಯಿಂದ ಬಂದು ಇಂದು ಹಾವೇರಿ ಜಿಲ್ಲೆಯಲ್ಲಿರುವ ಹಿರೇಕೆರೂರು, ಹಾನಗಲ್ ಕಡೆಯ ಊರುಗಳು ಇವಕ್ಕೆ ಹತ್ತಿರವಿರುವುದರಿಂದ ಈ ಗಡಿಯಲ್ಲಿ ಎರಡೂ ಪದ್ಧತಿಗಳು ಎದುರುಬದುರಾಗಿ ನಿಲ್ಲುತ್ತವೆ.

ಅಡ್ಡಹೆಸರು ಒಂದೇ ಆದರೆ ಸಂಬಂಧವೂ ಇರುತ್ತದೆ ಎಂಬ ಊಹೆಯನ್ನು ಮೊದಲು ಬದಿಗಿಡಬೇಕು. 2023ರಲ್ಲಿ ರಚನೆಯಾದ ಸಿದ್ದರಾಮಯ್ಯ ಸಂಪುಟದಲ್ಲಿ ಎಚ್.ಕೆ. ಪಾಟೀಲ, ಎಂ.ಬಿ. ಪಾಟೀಲ, ಶಿವಾನಂದ ಪಾಟೀಲ, ಶರಣಪ್ರಕಾಶ ಪಾಟೀಲ ಎಂಬ ನಾಲ್ವರು ಸಚಿವರಿದ್ದರು. ಇವರನ್ನು ಜೋಡಿಸಿದ್ದು ರಕ್ತಸಂಬಂಧವಲ್ಲ, ಒಂದು ಹಳೆಯ ಗ್ರಾಮಾಧಿಕಾರದ ಹೆಸರು. ಪಾಟೀಲ ಎಂದರೆ ಗ್ರಾಮದ ಮುಖ್ಯಸ್ಥ, ಕುಲಕರ್ಣಿ ಎಂದರೆ ಗ್ರಾಮದ ಲೆಕ್ಕ ಬರೆಯುವವನು; ಮೈಸೂರು ಸೀಮೆಯಲ್ಲಿ ಇದೇ ಕೆಲಸಗಳಿಗೆ ಪಟೇಲ ಮತ್ತು ಶಾನುಭೋಗ ಎಂಬ ಹೆಸರುಗಳಿದ್ದವು. ಈ ಹುದ್ದೆಗಳು ತಂದೆಯಿಂದ ಮಗನಿಗೆ ವಂಶಪಾರಂಪರ್ಯವಾಗಿ ಬರುತ್ತಿದ್ದುದರಿಂದ ಹುದ್ದೆಯ ಹೆಸರೇ ಮನೆಯ ಹೆಸರಾಯಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾಯ್ದೆ ಈ ವಂಶಪಾರಂಪರ್ಯದ ಹಕ್ಕನ್ನು ಕೊನೆಗೊಳಿಸಿತಾದರೂ ಹೆಸರುಗಳು ಉಳಿದುಕೊಂಡವು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದ, ಮುಂದೆ ಮುಖ್ಯಮಂತ್ರಿಯೂ ಆದ ಜೆ.ಎಚ್. ಪಟೇಲರ ಹೆಸರಿನಲ್ಲಿರುವುದೂ ಇದೇ ಗ್ರಾಮಾಧಿಕಾರದ ಪದ. ಗೌಡ ಎಂಬ ಪದದ ಕಥೆಯೂ ಭಿನ್ನವಲ್ಲ: ಹಾಸನದ ಎಚ್.ಡಿ. ದೇವೇಗೌಡ, ಸುಳ್ಯದ ಡಿ.ವಿ. ಸದಾನಂದ ಗೌಡ, ಶಿವಮೊಗ್ಗ ಜಿಲ್ಲೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡ ಈ ಮೂವರೂ ಬೇರೆ ಬೇರೆ ಪ್ರದೇಶ ಮತ್ತು ಹಿನ್ನೆಲೆಗಳಿಂದ ಬಂದವರು.

ಮಲೆನಾಡಿನ ಮಟ್ಟಿಗೆ ಇನ್ನೊಂದು ರೂಢಿ ಗಮನಾರ್ಹವಾದುದು. ಇಲ್ಲಿ ಊರಿನ ಹೆಸರು ಮೊದಲಕ್ಷರವಾಗಿ ಕುಗ್ಗದೆ ಪೂರ್ಣವಾಗಿಯೇ ವ್ಯಕ್ತಿಯ ಹೆಸರಿನ ಮುಂದೆ ನಿಲ್ಲುತ್ತದೆ. ಕಡಿದಾಳು ಮಂಜಪ್ಪ, ಶಾಂತವೇರಿ ಗೋಪಾಲಗೌಡ, ಕೋಣಂದೂರು ಲಿಂಗಪ್ಪ, ಕಾಗೋಡು ತಿಮ್ಮಪ್ಪ, ಆಯನೂರು ಮಂಜುನಾಥ, ಆರಗ ಜ್ಞಾನೇಂದ್ರ, ಹರತಾಳು ಹಾಲಪ್ಪ, ಬೇಳೂರು ಗೋಪಾಲಕೃಷ್ಣ ಎಂಬ ಹೆಸರುಗಳನ್ನು ಸಾಲಾಗಿ ಓದಿದರೆ ಶಿವಮೊಗ್ಗ ಜಿಲ್ಲೆಯ ರಾಜಕೀಯ ಇತಿಹಾಸದ ಜತೆಗೆ ಅದರ ಭೂಪಟವೂ ಕಣ್ಣ ಮುಂದೆ ಬರುತ್ತದೆ. ಈ ಪದ್ಧತಿಯಲ್ಲಿ ಹೆಸರು ಸಮಾನವಾಗಿದ್ದರೂ ಅದು ಊರನ್ನಷ್ಟೇ ಹೇಳುತ್ತದೆ. ಮುಖ್ಯಮಂತ್ರಿಯಾಗಿದ್ದ ಕಡಿದಾಳು ಮಂಜಪ್ಪ ಕಾಂಗ್ರೆಸ್ಸಿನವರಾದರೆ ಕಡಿದಾಳು ಶಾಮಣ್ಣ ರೈತ ಚಳವಳಿಯ ನಾಯಕರು. ಹೆಸರಿನಲ್ಲಿ ಹೋಲಿಕೆಯೇ ಇಲ್ಲದವರು ಹತ್ತಿರದ ನೆಂಟರಾಗಿರುವುದೂ ಉಂಟು: ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರನ್ನು ಸೋಲಿಸಿದ ಬೇಳೂರು ಗೋಪಾಲಕೃಷ್ಣ ಅವರ ಸೋದರಳಿಯ. ಆದ್ದರಿಂದ ಹೆಸರು ಒಂದೇ ಇದ್ದಲ್ಲಿ ಕುಟುಂಬವಿದೆ, ಹೆಸರು ಬೇರೆಯಾದಲ್ಲಿ ಕುಟುಂಬವಿಲ್ಲ ಎಂಬ ಎರಡು ಊಹೆಗಳೂ ಈ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ.

ಈ ಹಿನ್ನೆಲೆಯಲ್ಲಿ ಶಿಕಾರಿಪುರದ ಹೆಸರನ್ನು ಹತ್ತಿರದಿಂದ ನೋಡಬಹುದು. ಬಿ.ಎಸ್. ಯಡಿಯೂರಪ್ಪ ಎಂಬುದನ್ನು ಬಿಡಿಸಿದರೆ ಬೂಕನಕೆರೆ ಸಿದ್ದಲಿಂಗಪ್ಪ ಯಡಿಯೂರಪ್ಪ ಎಂದಾಗುತ್ತದೆ. ಬೂಕನಕೆರೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಊರು. ಸಿದ್ದಲಿಂಗಪ್ಪ ಅವರ ತಂದೆ. ಯಡಿಯೂರಪ್ಪ ಎಂಬ ಹೆಸರು ಬಂದದ್ದು ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿರುವ ಕುಣಿಗಲ್ ತಾಲ್ಲೂಕಿನ ಯಡಿಯೂರು ಕ್ಷೇತ್ರದಿಂದ. ತಂದೆ ಮತ್ತು ಮಗ ಇಬ್ಬರ ಹೆಸರಿನಲ್ಲೂ ಆ ಶರಣನ ನೆನಪಿದೆ ಎಂಬುದನ್ನು ಬಿಟ್ಟರೆ ಈ ಹೆಸರಿನಲ್ಲಿ ರಾಜಕೀಯವಾದದ್ದಾಗಲಿ ಶಿಕಾರಿಪುರಕ್ಕೆ ಸಂಬಂಧಿಸಿದ್ದಾಗಲಿ ಏನೂ ಇರಲಿಲ್ಲ. 1943ರಲ್ಲಿ ಹುಟ್ಟಿದ ಅವರು ಸರ್ಕಾರಿ ಗುಮಾಸ್ತಿಕೆಯನ್ನು ಬಿಟ್ಟು ಶಿಕಾರಿಪುರಕ್ಕೆ ಬಂದು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು, 1975ರಲ್ಲಿ ಅಲ್ಲಿನ ಪುರಸಭೆಗೆ ಆಯ್ಕೆಯಾದರು, ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು, 1983ರಲ್ಲಿ ಮೊದಲ ಸಲ ವಿಧಾನಸಭೆಗೆ ಹೋದರು. ಅವರ ಮಕ್ಕಳ ಹೆಸರಿನ ಮುಂದಿರುವ ‘ಬಿ.ವೈ.’ ಎಂಬುದನ್ನು ಬಿಡಿಸಿದರೆ ಬೂಕನಕೆರೆ ಯಡಿಯೂರಪ್ಪ ಎಂದಾಗುತ್ತದೆ. ಹಳೆಯ ಮೈಸೂರಿನ ಕ್ರಮಕ್ಕೆ ಇದು ಸಂಪೂರ್ಣ ಬದ್ಧವಾಗಿದೆ: ಊರಿನ ಅಕ್ಷರ ಉಳಿಯಿತು, ತಂದೆಯ ಅಕ್ಷರ ಬದಲಾಯಿತು. ಆದರೆ ಬಳಕೆಯಲ್ಲಿ ಅದರ ಅರ್ಥ ಬೇರೆಯಾಗಿದೆ. ಪತ್ರಿಕೆಗಳ ತಲೆಬರಹಗಳಲ್ಲಿ ಬಿಎಸ್‌ವೈ, ಬಿವೈಆರ್, ಬಿವೈವಿ ಎಂಬ ಸಂಕ್ಷೇಪಗಳು ಒಂದೇ ಕುಟುಂಬದ ಗುರುತುಗಳಾಗಿ ನಿಂತಿದ್ದು, ಮಂಡ್ಯ ಜಿಲ್ಲೆಯ ಒಂದು ಹಳ್ಳಿಯನ್ನು ಸೂಚಿಸುವ ಅಕ್ಷರ ಶಿಕಾರಿಪುರದ ರಾಜಕೀಯ ಮನೆತನದ ಗುರುತಾಗಿದೆ. ದೊಡ್ಡಾಲಹಳ್ಳಿ ಕೆಂಪೇಗೌಡ ಎಂಬುದನ್ನು ಹಿಡಿದಿಟ್ಟ ‘ಡಿ.ಕೆ.’ ಎಂಬ ಅಕ್ಷರಗಳು ಕನಕಪುರದ ಸಹೋದರರ ಮಟ್ಟಿಗೆ ಮಾಡುತ್ತಿರುವ ಕೆಲಸವೂ ಇದೇ.

ಸೊರಬದಲ್ಲಿ ನಡೆದದ್ದು ಇನ್ನೂ ನೇರವಾದ ಮಾರ್ಪಾಟು. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಹುಟ್ಟಿದ ಸಾರೇಕೊಪ್ಪ ಬಂಗಾರಪ್ಪ ವಕೀಲರಾಗಿ, ಸಮಾಜವಾದಿ ಚಳವಳಿಯ ಒಡನಾಟದಲ್ಲಿ ಬೆಳೆದು, 1967ರಿಂದ 1994ರವರೆಗಿನ ಏಳು ವಿಧಾನಸಭಾ ಚುನಾವಣೆಗಳಲ್ಲಿ ಸೊರಬದಿಂದ ಗೆದ್ದು, 1990ರ ಅಕ್ಟೋಬರ್‌ನಲ್ಲಿ ವೀರೇಂದ್ರ ಪಾಟೀಲರ ನಂತರ ಮುಖ್ಯಮಂತ್ರಿಯಾಗಿ 1992ರ ನವೆಂಬರ್‌ವರೆಗೆ ಆಡಳಿತ ನಡೆಸಿದರು. ಬಡವರಿಗೆ ಮನೆ ಕಟ್ಟಿಸುವ ಆಶ್ರಯ, ಸಣ್ಣ ದೇವಾಲಯಗಳ ಜೀರ್ಣೋದ್ಧಾರದ ಆರಾಧನಾ, ಗ್ರಾಮೀಣ ಕಸುಬುಗಳಿಗೆ ಬೆಂಬಲ ಕೊಡುವ ವಿಶ್ವ ಯೋಜನೆಗಳು ಅವರ ಹೆಸರನ್ನು ಹಳ್ಳಿ ಹಳ್ಳಿಗೆ ಒಯ್ದವು. ಅವರ ಗಂಡುಮಕ್ಕಳು ಕುಮಾರ್ ಬಂಗಾರಪ್ಪ ಮತ್ತು ಮಧು ಬಂಗಾರಪ್ಪ ತಂದೆಯ ಹೆಸರನ್ನು ಮೊದಲಕ್ಷರಕ್ಕೆ ಇಳಿಸದೆ ತಮ್ಮ ಹೆಸರಿನ ಕೊನೆಯಲ್ಲಿ ಪೂರ್ಣವಾಗಿ ಉಳಿಸಿಕೊಂಡರು. ಹಾಗಾಗಿ ಒಬ್ಬರ ಸ್ವಂತ ಹೆಸರು ಅಡ್ಡಹೆಸರಿನ ಸ್ಥಾನಕ್ಕೆ ಬಂದು ನಿಂತಿತು. ಬಂಗಾರಪ್ಪನವರ ಮಗಳು ಗೀತಾ ಮಾತ್ರ ತಂದೆಯ ಹೆಸರಿನಿಂದಲ್ಲ, ಪತಿಯ ಹೆಸರಿನಿಂದ ಗೀತಾ ಶಿವರಾಜ್‌ಕುಮಾರ್ ಎಂದು ಗುರುತಿಸಿಕೊಂಡು 2014 ಮತ್ತು 2024ರ ಲೋಕಸಭಾ ಚುನಾವಣೆಗಳಿಗೆ ಸ್ಪರ್ಧಿಸಿದರು. ಆ ಹೆಸರೂ ಹುಟ್ಟಿನಿಂದ ಬಂದ ಅಡ್ಡಹೆಸರಲ್ಲ. ಮುತ್ತುರಾಜ್ ಎಂಬ ನಟ ಚಿತ್ರರಂಗದಲ್ಲಿ ಪಡೆದ ರಾಜ್‌ಕುಮಾರ್ ಎಂಬ ಹೆಸರು ಮಕ್ಕಳ ಹೆಸರಿನಲ್ಲಿ ಸೇರಿಕೊಂಡು ಮುಂದುವರಿದದ್ದು. ತಂದೆಯ ರಾಜಕೀಯ ಪರಂಪರೆಯನ್ನು ಗಂಡುಮಕ್ಕಳು ಹೆಸರಿನಲ್ಲಿಯೇ ಹೊರುತ್ತಾರೆ, ಹೆಣ್ಣುಮಗಳು ಅದನ್ನು ಪ್ರತಿ ಸಭೆಯಲ್ಲೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂಬ ವ್ಯತ್ಯಾಸವನ್ನು ಇಲ್ಲಿ ಕಡೆಗಣಿಸುವಂತಿಲ್ಲ.

ಅಡ್ಡಹೆಸರಿನ ರೂಢಿಯೇ ಇಲ್ಲದ ಸಮಾಜಗಳಲ್ಲಿ ರಾಜಕೀಯ ಯಶಸ್ಸು ಅಡ್ಡಹೆಸರನ್ನು ಹುಟ್ಟಿಸುವುದು ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಬರ್ಮಾ ದೇಶದಲ್ಲಿ ಮನೆತನದ ಹೆಸರಿನ ಪದ್ಧತಿ ಇಲ್ಲದಿದ್ದರೂ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಅವರ ಪೂರ್ಣ ಹೆಸರು ಮಗಳು ಆಂಗ್ ಸಾನ್ ಸೂ ಕಿ ಅವರ ಹೆಸರಿನ ಮೊದಲಲ್ಲಿ ನಿಂತಿತು. ಒಂದೇ ಪದದ ಹೆಸರಿನ ಇಂಡೊನೇಷ್ಯಾದ ಸುಕರ್ಣೋ ಅವರ ಮಗಳು ಮೇಘಾವತಿ, ಸುಕರ್ಣೋಪುತ್ರಿ ಎಂಬ ಹೆಸರಿನಿಂದ 2001ರಲ್ಲಿ ಆ ದೇಶದ ಅಧ್ಯಕ್ಷರಾದರು. ಕರ್ನಾಟಕದಲ್ಲಿಯೇ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡರ ‘ಎಚ್.ಡಿ.’ ಮಕ್ಕಳ ಹೆಸರಿನಲ್ಲಿ ಹರದನಹಳ್ಳಿ ದೇವೇಗೌಡ ಎಂಬ ಬೇರೊಂದು ಅರ್ಥ ಪಡೆದರೂ ಅಕ್ಷರಗಳು ಅವೇ ಆಗಿ ಉಳಿದವು. ಮೊಮ್ಮಕ್ಕಳ ಕಾಲಕ್ಕೆ ಆ ಅಕ್ಷರಗಳ ಬದಲು ನಿಖಿಲ್ ಕುಮಾರಸ್ವಾಮಿ, ಪ್ರಜ್ವಲ್ ರೇವಣ್ಣ ಎಂದು ತಂದೆಯ ಹೆಸರು ಕೊನೆಗೆ ಬಂದಿತು. ಕಚೇರಿಯ ಅರ್ಜಿಗಳಲ್ಲಿ, ಪಾಸ್‌ಪೋರ್ಟ್ ನಮೂನೆಗಳಲ್ಲಿ ಕೊನೆಯ ಹೆಸರಿಗೆಂದು ಪ್ರತ್ಯೇಕ ಜಾಗವಿರುವ ಈ ಕಾಲದಲ್ಲಿ ಸಾಮಾನ್ಯ ಕುಟುಂಬಗಳೂ ಹೀಗೆಯೇ ಹೆಸರು ಬರೆಸುತ್ತಿವೆ. ವ್ಯತ್ಯಾಸವಿರುವುದು ಪರಿಣಾಮದಲ್ಲಿ: ಸಾಮಾನ್ಯರ ಮಕ್ಕಳಿಗೆ ತಂದೆಯ ಹೆಸರು ದಾಖಲೆಯ ಒಂದು ಅಂಶ, ರಾಜಕಾರಣಿಗಳ ಮಕ್ಕಳಿಗೆ ಅದು ಪ್ರಚಾರಕ್ಕೆ ಮೊದಲೇ ಸಿದ್ಧವಾಗಿರುವ ಬಂಡವಾಳ.

ಆ ಬಂಡವಾಳ ಎಷ್ಟರಮಟ್ಟಿಗೆ ಫಲ ಕೊಡುತ್ತದೆ ಎಂಬುದಕ್ಕೆ ಎರಡು ತಾಲ್ಲೂಕುಗಳ ಫಲಿತಾಂಶಗಳೇ ಉತ್ತರ ಹೇಳುತ್ತವೆ. 2008ರಲ್ಲಿ ಬಂಗಾರಪ್ಪನವರು ಶಿಕಾರಿಪುರಕ್ಕೇ ಬಂದು ಯಡಿಯೂರಪ್ಪನವರ ವಿರುದ್ಧ ನಿಂತು ಸೋತರು. ಮರುವರ್ಷ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ಅವರನ್ನು ಸೋಲಿಸಿದವರು ಯಡಿಯೂರಪ್ಪನವರ ಮಗ ರಾಘವೇಂದ್ರ. 2014ರಲ್ಲಿ ಯಡಿಯೂರಪ್ಪನವರು ಗೆದ್ದ ಅದೇ ಕ್ಷೇತ್ರದಲ್ಲಿ ಬಂಗಾರಪ್ಪನವರ ಮಗಳು ಮೂರನೆಯ ಸ್ಥಾನಕ್ಕೆ ನಿಂತರು. 2018ರ ಉಪಚುನಾವಣೆಯಲ್ಲೂ 2019ರ ಚುನಾವಣೆಯಲ್ಲೂ ರಾಘವೇಂದ್ರರ ಎದುರಾಳಿ ಮಧು ಬಂಗಾರಪ್ಪ. 2024ರಲ್ಲಿ ಮತ್ತೆ ಗೀತಾ. ಹದಿನಾರು ವರ್ಷಗಳ ಅವಧಿಯಲ್ಲಿ ತಂದೆ ತಂದೆಯ ವಿರುದ್ಧ, ಮಗ ತಂದೆಯ ವಿರುದ್ಧ, ತಂದೆ ಮಗಳ ವಿರುದ್ಧ, ಮಗ ಮಗನ ವಿರುದ್ಧ, ಮಗ ಮಗಳ ವಿರುದ್ಧ ಸ್ಪರ್ಧಿಸಿದ್ದು, ಒಂದು ವಿಶಾಲವಾದ ಲೋಕಸಭಾ ಕ್ಷೇತ್ರದ ಆಯ್ಕೆ ಬಹುಮಟ್ಟಿಗೆ ಎರಡು ಮನೆಗಳ ನಡುವಿನ ಆಯ್ಕೆಯಾಗಿ ಕುಗ್ಗಿತು ಎಂಬುದನ್ನು ಸ್ಪಷ್ಟಪಡಿಸುತ್ತದೆ.

ಸೊರಬದ ಅನುಭವ ಇದಕ್ಕಿಂತ ವಿಶಿಷ್ಟವಾದದ್ದು, ಏಕೆಂದರೆ ಅಲ್ಲಿ ಒಂದೇ ಹೆಸರು ಎರಡು ಪಕ್ಷಗಳಲ್ಲಿ ಹಂಚಿಹೋಯಿತು. 2004ರಲ್ಲಿ ಬಂಗಾರಪ್ಪನವರು ಬಿಜೆಪಿ ಸೇರಿದಾಗ ಮಧು ತಂದೆಯ ಜತೆ ಹೋದರು, ಕುಮಾರ್ ಕಾಂಗ್ರೆಸ್ಸಿನಲ್ಲಿ ಉಳಿದರು; ಅಣ್ಣ ತಮ್ಮ ಎದುರುಬದುರಾದ ಆ ಚುನಾವಣೆಯಲ್ಲಿ ಕುಮಾರ್ ಗೆದ್ದರು. 2008ರಲ್ಲಿ ಇಬ್ಬರೂ ಸ್ಪರ್ಧಿಸಿ, ಇಬ್ಬರೂ ಹರತಾಳು ಹಾಲಪ್ಪನವರ ಎದುರು ಸೋತರು. 2013ರಲ್ಲಿ ಜೆಡಿಎಸ್‌ನಿಂದ ಮಧು, 2018ರಲ್ಲಿ ಬಿಜೆಪಿಯಿಂದ ಕುಮಾರ್, 2023ರಲ್ಲಿ ಕಾಂಗ್ರೆಸ್ಸಿನಿಂದ ಮಧು ಗೆದ್ದರು. 2018ರಲ್ಲಿ 13,286 ಮತಗಳಿಂದ ಅಣ್ಣನಿಗೆ ಸೋತ ತಮ್ಮ 2023ರಲ್ಲಿ 44,262 ಮತಗಳಿಂದ ಅಣ್ಣನನ್ನು ಸೋಲಿಸಿದರು. ಇಬ್ಬರ ಹೆಸರಿನಲ್ಲೂ ಬಂಗಾರಪ್ಪ ಇರುವಾಗ ಆ ಹೆಸರು ಯಾರಿಗೂ ಹೆಚ್ಚಿನ ಅನುಕೂಲ ತರಲಾರದು. ಮತದಾರ ಪಕ್ಷವನ್ನು, ಅಭ್ಯರ್ಥಿಯ ಕೆಲಸವನ್ನು, ಆಯಾ ಕಾಲದ ರಾಜಕೀಯ ಗಾಳಿಯನ್ನು ನೋಡಿಯೇ ತೀರ್ಮಾನಿಸಬೇಕಾಯಿತು. ಶಿಕಾರಿಪುರದಲ್ಲಿಯೂ ಹೆಸರು ಸಂಪೂರ್ಣ ರಕ್ಷಣೆ ಕೊಟ್ಟಿಲ್ಲ. ಸ್ವತಃ ಯಡಿಯೂರಪ್ಪನವರು 1999ರಲ್ಲಿ ಕಾಂಗ್ರೆಸ್ಸಿನ ಮಹಾಲಿಂಗಪ್ಪನವರಿಗೆ ಸೋತಿದ್ದರು. 2018ರಲ್ಲಿ 35,397 ಮತಗಳ ಅಂತರದಿಂದ ಅವರು ಗೆದ್ದ ಕ್ಷೇತ್ರದಲ್ಲಿ 2023ರಲ್ಲಿ ಮಗ ವಿಜಯೇಂದ್ರ ಪಕ್ಷೇತರ ಅಭ್ಯರ್ಥಿಯ ವಿರುದ್ಧ ಪಡೆದ ಅಂತರ 11,008 ಮಾತ್ರ. ಹೆಸರು ಟಿಕೆಟ್ ತಂದುಕೊಡುತ್ತದೆ, ಆದರೆ ತಂದೆಗೆ ಬಿದ್ದ ಮತಗಳನ್ನೆಲ್ಲ ಮಗನಿಗೆ ವರ್ಗಾಯಿಸುವುದಿಲ್ಲ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ.

ಚುನಾವಣಾ ಕಾನೂನಿಗೆ ಹೆಸರು ಗುರುತಿನ ಸಾಧನವಷ್ಟೇ ಹೊರತು ಅರ್ಹತೆಯಲ್ಲ. ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆಗಿದ್ದರೆ ಅವರ ಉದ್ಯೋಗ, ವಾಸಸ್ಥಳ ಅಥವಾ ಬೇರೊಂದು ವಿವರ ಸೇರಿಸಿ ಬೇರ್ಪಡಿಸಬೇಕೆಂದು 1961ರ ಚುನಾವಣಾ ನಿಯಮಗಳು ಹೇಳುತ್ತವೆ. ಸಮಾನ ಹೆಸರಿನವರಿಂದ ಆಗುವ ಗೊಂದಲವನ್ನು ತಪ್ಪಿಸಲೆಂದೇ 2015ರಿಂದ ಮತಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರ ಮುದ್ರಿಸಲಾಗುತ್ತಿದೆ. ಕಾನೂನಿನ ಎಲ್ಲ ಪ್ರಯತ್ನವೂ ಒಬ್ಬ ವ್ಯಕ್ತಿಯನ್ನು ಇನ್ನೊಬ್ಬನಿಂದ ಬೇರೆಯಾಗಿ ತೋರಿಸುವ ಕಡೆಗಿದ್ದರೆ, ಮನೆತನದ ಹೆಸರಿನ ಪ್ರಚಾರ ಮಗನನ್ನು ತಂದೆಯಿಂದ ಬೇರೆಯಾಗಿ ಕಾಣದಂತೆ ಮಾಡುವ ಕಡೆಗಿದೆ.

ಹೆಸರಿಗೂ ಅಧಿಕಾರಕ್ಕೂ ಇರುವ ಸಂಬಂಧದ ಅತಿ ಹಳೆಯ ದಾಖಲೆಗಳಲ್ಲಿ ಒಂದು ಇದೇ ಶಿಕಾರಿಪುರ ತಾಲ್ಲೂಕಿನಲ್ಲಿದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ ಕುಬ್ಜನೆಂಬ ಕವಿ ರಚಿಸಿದ, ಐದನೆಯ ಶತಮಾನದ ಸಂಸ್ಕೃತ ಶಾಸನ ಬನವಾಸಿಯ ಕದಂಬರ ಮೂಲವನ್ನು ವಿವರಿಸುತ್ತದೆ. ವಿದ್ಯಾಭ್ಯಾಸಕ್ಕಾಗಿ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನಿಂದಾದ ಅಪಮಾನವನ್ನು ಸಹಿಸದೆ ಕತ್ತಿ ಹಿಡಿದು ರಾಜ್ಯ ಕಟ್ಟಿದನೆಂದು ಹೇಳುವ ಈ ಶಾಸನದಲ್ಲಿ ಸ್ಥಾಪಕನ ಹೆಸರು ‘ಶರ್ಮ’ ಎಂದು ಕೊನೆಗೊಂಡರೆ, ಅವನ ನಂತರ ಕಂಗವರ್ಮ, ಕಾಕುಸ್ಥವರ್ಮ, ಶಾಂತಿವರ್ಮ ಎಂದು ‘ವರ್ಮ’ ಎಂಬ ಅಂತ್ಯ ನೆಲೆಗೊಳ್ಳುತ್ತದೆ. ಶರ್ಮ ವೇದಾಧ್ಯಯನ ಮಾಡುವವರ ಹೆಸರಿಗೆ, ವರ್ಮ ಆಳುವವರ ಹೆಸರಿಗೆ ಸೇರುತ್ತಿದ್ದ ಪದಗಳು. ಸ್ಥಾಪಕ ತನ್ನ ಸಾಹಸದಿಂದ ಪಡೆದ ಸ್ಥಾನ ಮುಂದಿನವರಿಗೆ ಹುಟ್ಟಿನಿಂದಲೇ ಬಂದದ್ದನ್ನು ಆ ಕೊನೆಯ ಪದವೊಂದೇ ದಾಖಲಿಸಿದೆ. ರಾಜಪ್ರಭುತ್ವದಲ್ಲಿ ಅದು ನಿಯಮ. ಪ್ರಜಾಪ್ರಭುತ್ವ ಆ ನಿಯಮವನ್ನು ತೊಡೆದುಹಾಕುವ ಸಂಕಲ್ಪದಿಂದ ಹುಟ್ಟಿದ ವ್ಯವಸ್ಥೆ.

ಆದ್ದರಿಂದಲೇ ಈ ಎರಡು ತಾಲ್ಲೂಕುಗಳ ವಿಷಯದಲ್ಲಿ ಕಳವಳ ಪಡಬೇಕಾದದ್ದು ಮಕ್ಕಳು ರಾಜಕೀಯಕ್ಕೆ ಬಂದರೆಂಬುದಕ್ಕಲ್ಲ. ಅದು ಎಲ್ಲರಂತೆ ಅವರಿಗೂ ಇರುವ ಹಕ್ಕು, ಮತ್ತು ಅವರನ್ನು ಗೆಲ್ಲಿಸಿದವರೂ ಸೋಲಿಸಿದವರೂ ಮತದಾರರೇ. ಕಳವಳದ ವಿಷಯ ಬೇರೆ. ಗೇಣಿದಾರ ದೀವರ ಸಮುದಾಯ ಕಾಗೋಡಿನಲ್ಲಿ 1951ರಲ್ಲಿ ನಡೆಸಿದ ಸತ್ಯಾಗ್ರಹದಿಂದ ಎಚ್ಚೆತ್ತ ನೆಲದಲ್ಲಿ, ಅದೇ ಸಮುದಾಯದಲ್ಲಿ ಹುಟ್ಟಿದ ಬಂಗಾರಪ್ಪನವರ ಹಿಂದೆ ಯಾವ ರಾಜಕೀಯ ಹೆಸರೂ ಇರಲಿಲ್ಲ. ಬೇರೆ ಜಿಲ್ಲೆಯಿಂದ ಬಂದು ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ಯಡಿಯೂರಪ್ಪನವರ ಹಿಂದೆಯೂ ಇರಲಿಲ್ಲ. ಇಬ್ಬರೂ ಹೆಸರಿಲ್ಲದೆ ಬಂದು ಹೆಸರು ಗಳಿಸಿದ್ದು ಪುರಸಭೆ, ಚಳವಳಿ, ಸೆರೆಮನೆ, ಸೋಲು, ಮರುಗೆಲುವುಗಳ ದಾರಿಯಲ್ಲಿ. ಆ ದಾರಿ ಇಂದು ಶಿಕಾರಿಪುರದ ಇನ್ನೊಬ್ಬ ಗುಮಾಸ್ತನಿಗೆ, ಸೊರಬದ ಇನ್ನೊಬ್ಬ ಗೇಣಿದಾರನ ಮಗನಿಗೆ ಅಥವಾ ಮಗಳಿಗೆ ಅಷ್ಟೇ ಮುಕ್ತವಾಗಿ ಉಳಿದಿದೆಯೇ ಎಂಬ ಪ್ರಶ್ನೆಗೆ ಪಕ್ಷಗಳು ಟಿಕೆಟ್ ಹಂಚುವಾಗಲೇ ಉತ್ತರ ಕೊಡಬೇಕು. ಸ್ಥಳೀಯ ಸಂಸ್ಥೆಗಳಲ್ಲಿ, ಸಹಕಾರ ಸಂಘಗಳಲ್ಲಿ ದುಡಿದವರ ಹೆಸರನ್ನು ಪಕ್ಷಗಳು ಮನೆತನದ ಹೆಸರಿನಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಮನೆತನದಿಂದ ಬಂದವರು ತಮ್ಮ ಅವಧಿಯ ಕೆಲಸದ ಲೆಕ್ಕವನ್ನು ತಂದೆಯ ಲೆಕ್ಕದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಜನರ ಮುಂದಿಡಬೇಕು. ಮತದಾರನೂ ಹೆಸರಿನ ಕೊನೆಯ ಪದವನ್ನು ಬಿಟ್ಟು ಮೊದಲ ಪದದ ವ್ಯಕ್ತಿಯನ್ನೇ ಪ್ರಶ್ನಿಸುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಅಣ್ಣ ತಮ್ಮಂದಿರ ನಡುವೆ ಆಯ್ಕೆ ಮಾಡಬೇಕಾಗಿ ಬಂದ ಸೊರಬದ ಮತದಾರರು ಎರಡು ದಶಕಗಳಿಂದ ಈ ಅಭ್ಯಾಸವನ್ನು ರೂಢಿಸಿಕೊಂಡಿದ್ದಾರೆ. ಒಂದೇ ಹೆಸರು ಒಂದೇ ಪಕ್ಷದಲ್ಲಿ ನಿಂತಿರುವ ಕ್ಷೇತ್ರಗಳಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು.